ಮಾದಪ್ಪನಿಗೆ ನಗು ಕಲಿಸಿದ್ದು

ಕಲಿಸಿದರೆ ಬಾರದ ವಿದ್ಯೆ ಎಂಬುದೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಯಳಂದೂರಿನ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು ನಾನು. ಭೂಪಟದಲ್ಲಿ ಕಾವೇರಿ ತೋರಿಸು ಎಂದರೆ ಹಿಮಾಲಯದ ಮೇಲೆ ಬೆರಳಿಡುವ ಹುಡುಗರನ್ನೂ ಏಳನೇ ತರಗತಿ ದಾಟಿಸಿದ ಕೈ ಇದು. ಅಂಥವನಿಗೆ ಹೋಟೆಲಿನ ಒಬ್ಬ ಸಪ್ಲೈಯರ್‌ಗೆ ನಗುವುದನ್ನು ಕಲಿಸುವುದು ಯಾವ ಮಹಾ ಕೆಲಸ?

ಹೋಟೆಲು ನನ್ನದಲ್ಲ, ಮಾವನವರದು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ, ಒಂದು ಬೇವಿನ ಮರದ ಪಕ್ಕ. ಬೋರ್ಡಿನಲ್ಲಿ ದೇವರ ಹೆಸರು ದೊಡ್ಡದಾಗಿ ಬರೆಸಿದ್ದರೂ ಊರಿನವರು ಅದನ್ನು ಓದುವ ಗೋಜಿಗೆ ಹೋಗದೆ ‘ಬೇವಿನಮರದ ಓಟ್ಲು’ ಎಂದೇ ಕರೆಯುತ್ತಿದ್ದರು. ತೊಂಬತ್ತರ ದಶಕದ ಒಂದು ಬೇಸಿಗೆ ರಜದಲ್ಲಿ ಮಾವನವರಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಮೈಸೂರಿನಲ್ಲಿ ಆಪರೇಷನ್, ಆಮೇಲೆ ಅಲ್ಲೇ ಹಿರಿಯ ಮಗಳ ಮನೆಯಲ್ಲಿ ವಿಶ್ರಾಂತಿ. ಅಷ್ಟು ದಿನ ಹೋಟೆಲು ನೋಡಿಕೊಳ್ಳಲು ರಜದಲ್ಲಿ ಖಾಲಿ ಕೂತಿದ್ದ ಅಳಿಯನಿಗಿಂತ ಒಳ್ಳೆಯವನು ಇನ್ಯಾರು ಸಿಗುತ್ತಾನೆ?

“ಅಳಿಯಂದ್ರೇ, ನೀವು ಗಲ್ಲಾದಲ್ಲಿ ಕೂತ್ಕಂಡ್ರೆ ಸಾಕು. ಬ್ಯಾರೆ ಏನೂ ಮಾಡ್ಬೇಡಿ,” ಎಂದರು ಮಾವ.

ಮೊದಲ ಮಾತನ್ನು ಆಜ್ಞೆ ಎಂದುಕೊಂಡೆ. ಎರಡನೆಯದನ್ನು ಉಪಚಾರ ಎಂದುಕೊಂಡೆ. ಅಲ್ಲಿಗೆ ಅನರ್ಥಕ್ಕೆ ಅಡಿಪಾಯ ಬಿತ್ತು.

ಮಾವನವರನ್ನು ಆಸ್ಪತ್ರೆಗೆ ಸೇರಿಸಿದ ದಿನ ಮೈಸೂರಿನ ಒಂದು ದೊಡ್ಡ ಹೋಟೆಲಿಗೆ ಕಾಫಿಗೆಂದು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಸಪ್ಲೈಯರ್ ಓಡಿ ಬಂದು, ಹಲ್ಲೆಲ್ಲ ಬಿಟ್ಟು, “ನಮಸ್ಕಾರ ಸಾರ್, ಚೆನ್ನಾಗಿದ್ದೀರಾ?” ಎಂದ. ನನ್ನ ಮದುವೆಯಲ್ಲೂ ನನ್ನನ್ನು ಯಾರೂ ಅಷ್ಟು ಅಕ್ಕರೆಯಿಂದ ವಿಚಾರಿಸಿರಲಿಲ್ಲ. ಬರೀ ಕಾಫಿಗೆ ಹೋದವನು ಆ ನಗುವಿನ ದಾಕ್ಷಿಣ್ಯಕ್ಕೆ ಬಿದ್ದು ಮಸಾಲೆ ದೋಸೆ, ಮೇಲೊಂದು ಜಾಮೂನು ತಿಂದು, ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದೆ. ಕೊಳ್ಳೇಗಾಲದ ಬಸ್ಸು ಹತ್ತುವ ಹೊತ್ತಿಗೆ ಒಂದು ಮಹಾಸತ್ಯ ಹೊಳೆದಿತ್ತು. ನಮ್ಮ ಹೋಟೆಲಿನಲ್ಲಿ ಎಲ್ಲ ಇದೆ, ನಗು ಒಂದಿಲ್ಲ.

ನಗು ಇಲ್ಲದಿರುವುದಕ್ಕೆ ಕಾರಣ ಮಾದಪ್ಪ. ಮಾವನವರು ಹೋಟೆಲು ಶುರು ಮಾಡಿದಾಗಿನಿಂದ ಇದ್ದ ಸಪ್ಲೈಯರ್. ಸಣಕಲು ಮೈ, ಹೆಗಲ ಮೇಲೆ ಟವೆಲು. ಎಡಗೈ ಉದ್ದಕ್ಕೂ ತಟ್ಟೆ ಜೋಡಿಸಿಕೊಂಡು ಬಂದನೆಂದರೆ ಒಂದು ಹನಿ ಚಟ್ನಿ ನೆಲಕ್ಕೆ ಬೀಳುತ್ತಿರಲಿಲ್ಲ. ಮುಖ ಮಾತ್ರ ಸದಾ ಬಸ್ಸು ತಪ್ಪಿಸಿಕೊಂಡವನದು. ಅದೂ ಸಾಲದು ಎಂಬಂತೆ ಗಿರಾಕಿಗಳನ್ನು ಬಯ್ಯುತ್ತಿದ್ದ. ರೇಷ್ಮೆ ಮಗ್ಗದ ಗೋವಿಂದಣ್ಣ ಎಂಬ ಹಳೇ ಗಿರಾಕಿ ಎರಡನೇ ಸಲ ಚಟ್ನಿ ಕೇಳಿದರೆ, “ಅಲ್ಲ ಗೋಯಿಂದಣ್ಣ, ನೀನು ಇಡ್ಲಿಗೆ ಚಟ್ನಿ ತಿಂತಿದ್ದೀಯೋ ಚಟ್ನಿಗೆ ಇಡ್ಲಿ ತಿಂತಿದ್ದೀಯೋ?” ಎನ್ನುತ್ತಿದ್ದ. ಮಾತು ಮುಗಿಯುವುದರೊಳಗೆ ಚಟ್ನಿ ತಟ್ಟೆಯಲ್ಲಿ ಬಿದ್ದಿರುತ್ತಿತ್ತು ಎಂಬುದನ್ನು ನಾನು ಗಮನಿಸಲಿಲ್ಲ. ಬೈಗುಳವನ್ನಷ್ಟೇ ಗಮನಿಸಿದೆ. ನನ್ನ ವೃತ್ತಿಯೇ ಅಂಥದ್ದು.

ಮಾರನೆಯ ಬೆಳಿಗ್ಗೆ, ಇನ್ನೂ ಗಿರಾಕಿಗಳು ಬರುವ ಮುಂಚೆ, ಮಾದಪ್ಪನನ್ನು ಕೈತೊಳೆಯುವ ಜಾಗದ ಕನ್ನಡಿಯ ಎದುರು ನಿಲ್ಲಿಸಿ ಪಾಠ ಆರಂಭಿಸಿದೆ.

“ಮಾದಪ್ಪ, ಇವತ್ತಿನಿಂದ ಗಿರಾಕಿ ಬಂದ ಕೂಡಲೇ ನಗಬೇಕು.”

“ಯಾಕ್ ಸಾ?”

“ಸಂತೋಷ ಆಗಲಿ ಅಂತ.”

“ಯಾರ್ಗೆ ಸಾ?”

“ಗಿರಾಕಿಗೆ.”

“ನಂಗೆ?”

“ನಿನಗೂ ಆಗುತ್ತೆ. ನಗ್ತಾ ಇದ್ದರೆ ಸಂತೋಷ ತಾನಾಗಿ ಬರುತ್ತೆ.”

“ಬರ್ದಿದ್ರೆ?”

“ಬರದಿದ್ದರೂ ನಗಬೇಕು.”

ಮಾದಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡ. “ಅಂಗಾದ್ರೆ ಅದೂ ಒಂದ್ ಕೆಲ್ಸ ಅಂತ ಯೋಳಿ ಸಾ. ಮಾಡದ ಬುಡಿ.”

ಇದು ವಿದ್ಯಾರ್ಥಿಯ ಶ್ರದ್ಧೆ ಎಂದು ಭಾವಿಸಿ ನನಗೆ ಹೃದಯ ತುಂಬಿ ಬಂತು. ತುಟಿ ಎಷ್ಟು ಅಗಲಿಸಬೇಕು, ಯಾವ ಸಾಲಿನ ಹಲ್ಲು ಕಾಣಬೇಕು, ಆ ಹೊತ್ತಿಗೆ ಹುಬ್ಬು ಎಲ್ಲಿರಬೇಕು ಎಂದು ಸವಿಸ್ತಾರವಾಗಿ ಬೋಧಿಸಿದೆ. ಮಾದಪ್ಪ ಪ್ರಯತ್ನಿಸಿದ. ಎಷ್ಟೋ ವರ್ಷ ತೆಗೆಯದ ಬಾಗಿಲು ತೆಗೆದಂತೆ ಅವನ ಮುಖ ಹಂತಹಂತವಾಗಿ ತೆರೆದುಕೊಂಡಿತು. ಅಷ್ಟರಲ್ಲಿ ಕಾಫಿ ಲೋಟ ಹಿಡಿದುಕೊಂಡು ಹಿತ್ತಿಲ ಮನೆಯಿಂದ ನನ್ನ ಹೆಂಡತಿ ಗೌರಿ ಬಂದಳು. ಅವಳು ಮಾದಪ್ಪನ ಹೆಗಲ ಮೇಲೆ ಕೂತು ಬೆಳೆದವಳು.

“ಮಾದಪ್ಪಣ್ಣ, ಹಲ್ಲುನೋವಾ?” ಎಂದಳು ಗಾಬರಿಯಾಗಿ.

“ಇಲ್ಲ ಕಣವ್ವ. ನಗ್ತಾ ಇವ್ನಿ. ನಿಮ್ ಯಜಮಾನ್ರು ಯೋಳವ್ರೆ.”

ಗೌರಿ ನನ್ನನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಎಲ್ಲವೂ ಇತ್ತು. ಆದರೆ ನಾನು ಆಗ ಶಿಕ್ಷಣತಜ್ಞನಾಗಿದ್ದೆ, ಗಂಡನಾಗಿರಲಿಲ್ಲ.

ಅವತ್ತು ಮೊದಲು ಬಂದವನು ಗೋವಿಂದಣ್ಣನೇ. ಮಾದಪ್ಪ ಇಡ್ಲಿ ತಟ್ಟೆ ಇಟ್ಟು, ಕಲಿಸಿದಂತೆಯೇ ನಕ್ಕ. ಗೋವಿಂದಣ್ಣ ಕೈಗೆತ್ತಿಕೊಂಡಿದ್ದ ಇಡ್ಲಿಯನ್ನು ಮತ್ತೆ ತಟ್ಟೆಗಿಟ್ಟ.

“ಯಾರ್ಲಾ ಓದ್ರು?” ಎಂದು ಸಾವಿನ ಮನೆಯಲ್ಲಿ ಕೇಳುವಂತೆ ಮೆಲ್ಲಗೆ ಕೇಳಿದ.

“ಯಾರೂ ಇಲ್ಲ ಕಣಣ್ಣ.”

“ಮತ್ತೆ ಯಾಕ್ಲಾ ಮಕ ಅಂಗ್ ಮಾಡ್ಕಂಡಿದ್ದೀ? ಲೇ, ನಿಜ ಯೋಳು, ಸಾಂಬಾರು ನಿನ್ನೇದಾ?”

ಮಾದಪ್ಪ ಬಾಯಿ ತೆರೆದ. ಬಯ್ಯುವುದಕ್ಕೆ ಅಂಥ ಅವಕಾಶ ಅವನ ಜನ್ಮದಲ್ಲೇ ಸಿಕ್ಕಿರಲಿಲ್ಲ. ಆದರೆ ನಾನು ಗಲ್ಲಾದಲ್ಲಿದ್ದೆ. ಅವನು ಬೈಗುಳವನ್ನು ನುಂಗಿಕೊಂಡು ಮತ್ತೆ ನಕ್ಕ. ಗೋವಿಂದಣ್ಣನ ಅನುಮಾನ ಗಟ್ಟಿಯಾಯಿತು. ಇಡ್ಲಿ ಬಿಟ್ಟು ಎದ್ದು, ಎದುರುಗಡೆ ಹೋಟೆಲಿಗೆ ಹೋದ.

ಮಧ್ಯಾಹ್ನ ಬೆಟ್ಟದಿಂದ ವಾಪಸಾಗುತ್ತಿದ್ದ ಒಂದು ಬಸ್ಸಿನ ಜನ ಊಟಕ್ಕೆ ಇಳಿದರು. ಮಾದಪ್ಪನಿಗೆ ಮುಡಿ ಕೊಟ್ಟು, ಅಂದರೆ ಬೆಟ್ಟದ ದೇವರು ಮಾದಪ್ಪನಿಗೆ, ಹೊಸದಾಗಿ ತಲೆ ಬೋಳಿಸಿಕೊಂಡವರು. ಸಾಲಾಗಿ ಕೂತಿದ್ದ ಆ ತಲೆಗಳ ಎದುರು ನಮ್ಮ ಮಾದಪ್ಪ ಸಾಲಾಗಿ ನಗುತ್ತ ಎಲೆ ಹಾಕಿಕೊಂಡು ಹೋದ. ಮೂಲೆಯಲ್ಲಿದ್ದ ಒಬ್ಬರು ಎದ್ದು ನಿಂತರು.

“ಏನಯ್ಯಾ, ದೇವ್ರಿಗೆ ಮುಡಿ ಕೊಟ್ಬಂದವ್ರ ತಲೆ ನೋಡಿ ನಗ್ತೀಯಾ? ನಿಂಗೂ ಒಂದಿನ ಬತ್ತದೆ ನೋಡ್ತಿರು.”

ಮಾದಪ್ಪ ಕಂಗಾಲಾಗಿ ನನ್ನತ್ತ ನೋಡಿದ. ನಾನು ಇನ್ನೂ ಅಗಲವಾಗಿ ನಗುವಂತೆ ಸನ್ನೆ ಮಾಡಿದೆ. ಅವನು ನಕ್ಕ. ಇಡೀ ಬಸ್ಸು ಎದುರುಗಡೆ ಹೋಟೆಲಿಗೆ ಹೋಯಿತು.

ಬುದ್ಧಿಯಿದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು ಮೇಷ್ಟ್ರು. ಪಾಠ ತಲೆಗೆ ಹತ್ತದಿದ್ದರೆ ಅದೇ ಪಾಠವನ್ನು ಇನ್ನೂ ಜೋರಾಗಿ ಹೇಳಬೇಕು ಎಂಬುದು ನಮ್ಮ ಶಾಸ್ತ್ರ. ಗಲ್ಲಾದ ಮೇಲೆ ಒಂದು ಒತ್ತುಗಂಟೆ ಇತ್ತು. ಅಂದಿನಿಂದ ಮಾದಪ್ಪನ ಮುಖದಲ್ಲಿ ನಗು ಸ್ವಲ್ಪ ಜಾರಿದರೂ ‘ಟಿಣ್’ ಎಂದು ಒತ್ತತೊಡಗಿದೆ. ಟಿಣ್ ಎಂದ ಕೂಡಲೇ ನಗು ಮೇಲೇಳಬೇಕು. ಏಳುತ್ತಿತ್ತು. ಕೆಲವೇ ದಿನಗಳಲ್ಲಿ ಅವನು ಎಷ್ಟು ಪಳಗಿದನೆಂದರೆ, ಎಲ್ಲಿ ಯಾವಾಗ ಗಂಟೆ ಆಗುತ್ತದೋ ಎಂದು ಹೆದರಿ ಖಾಲಿ ಕುರ್ಚಿಗೂ ನಗುತ್ತಿದ್ದ, ಕಂಬಕ್ಕೂ ನಗುತ್ತಿದ್ದ. ಬಿಸಿ ಕಾಫಿ ಕೈ ಮೇಲೆ ಚೆಲ್ಲಿಕೊಂಡಾಗಲೂ ನಕ್ಕ. ಆ ನಗು ನೋಡಿ ನನಗೆ ಎಂಥ ತೃಪ್ತಿಯಾಯಿತು ಎಂದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅದೇ ದಿನ, ಅದೇ ಹೊತ್ತಿಗೆ, ಮೂಲೆಯ ಮೇಜಿನಲ್ಲಿ ಹೊಸಬರಿಬ್ಬರು ಕೂತಿದ್ದರು. ಒಬ್ಬರು ಹಳ್ಳಿಯ ಹಿರಿಯರು, ಬಿಳಿ ಪಂಚೆ, ದೊಡ್ಡ ಮೀಸೆ. ಇನ್ನೊಬ್ಬರು ಅವರ ಜೊತೆಗಾರರು. ಖಾಲಿ ದೋಸೆ ತಿನ್ನುತ್ತ ಮಾದಪ್ಪನನ್ನೇ ಬಿಡದೆ ನೋಡುತ್ತಿದ್ದರು. ನನ್ನ ಸುಧಾರಣೆಯ ಕೀರ್ತಿ ಹಳ್ಳಿಗೂ ಮುಟ್ಟಿತು ಎಂದು ಹಿಗ್ಗಿಹೋದೆ. ಅವರಿಗೆ ಸರಿಯಾಗಿ ಕಾಣಲಿ ಎಂದು ಸುಮ್ಮಸುಮ್ಮನೆ ಟಿಣ್ ಟಿಣ್ ಎಂದು ಒತ್ತಿದೆ. ಮಾದಪ್ಪ ಎರಡು ಸಲ ಗೋಡೆಗೆ ನಕ್ಕ. ಹಿರಿಯರು ಅರ್ಧ ದೋಸೆ ಬಿಟ್ಟು, ಕೈ ತೊಳೆದುಕೊಂಡು ಹೊರಟುಹೋದರು.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಣ್ಣು ನೋಡಿ ಒಪ್ಪಿದ ಮೇಲೆ, ಮಾತು ಮುರಿಯುವುದಕ್ಕೂ ಮುಂದುವರಿಯುವುದಕ್ಕೂ ನಡುವೆ, ಗಂಡಿನ ಕಡೆಯ ಹಿರಿಯರು ಯಾರಿಗೂ ಹೇಳದೆ ಬಂದು ಹೆಣ್ಣಿನ ಅಪ್ಪನನ್ನು ನೋಡಿಕೊಂಡು ಹೋಗುತ್ತಾರೆ. ಅವನು ಗದ್ದೆಯಲ್ಲಿದ್ದರೆ ಗದ್ದೆಯಲ್ಲಿ, ಅಂಗಡಿಯಲ್ಲಿದ್ದರೆ ಅಂಗಡಿಯಲ್ಲಿ. ಮನೆಗೆ ಬಂದವರ ಮುಂದೆ ಎಲ್ಲರೂ ಸಜ್ಜನರೇ. ಕೆಲಸದ ಜಾಗದಲ್ಲಿ ನೋಡಿದರೆ ಮನುಷ್ಯ ಗೊತ್ತಾಗುತ್ತಾನೆ ಎಂಬ ಲೆಕ್ಕಾಚಾರ. ಈ ಪದ್ಧತಿ ನನಗೂ ಗೊತ್ತಿತ್ತು. ಮಾದಪ್ಪನಿಗೆ ಮದುವೆ ವಯಸ್ಸಿನ ಮಗಳಿದ್ದಾಳೆ ಎಂಬುದು ಮಾತ್ರ ಗೊತ್ತಿರಲಿಲ್ಲ. ನಾನು ಅವನಿಗೆ ಅಷ್ಟೆಲ್ಲ ಪಾಠ ಹೇಳಿದ್ದೆ, ಒಂದು ದಿನವೂ ಮನೆ ಕಡೆ ಹೇಗೆ ಎಂದು ಕೇಳಿರಲಿಲ್ಲ.

ವಾರ ಕಳೆಯುವುದರಲ್ಲಿ ಮಾದಪ್ಪನ ಹೆಂಡತಿ ಪುಟ್ಟಮ್ಮ ಹಿತ್ತಿಲ ಬಾಗಿಲಿಗೆ ಬಂದು ಕೂತಳು. ಗೌರಿ ನೀರು ಕೊಟ್ಟಳು. ನಾನು ಒಳಗೆ ಪೇಪರ್ ಓದುತ್ತಿದ್ದೆ.

“ಗೌರವ್ವ, ಬಂಡಳ್ಳಿಯವ್ರು ಬ್ಯಾಡ ಅಂದ್ಬುಟ್ರಂತೆ. ನಮ್ಮ ಮಂಜುಳಂಗೆ ನೋಡಿದ್ರಲ್ಲ, ಕುಂತೂರ್ ತಾವ ಕಬ್ಬಿನ್ ಟ್ಯಾಕ್ಟ್ರು ಓಡ್ಸ ಉಡ್ಗ. ಉಡ್ಗ ಒಪ್ಪಿದ್ದ, ಅವ್ರವ್ವ ಒಪ್ಪಿದ್ರು. ಆ ಉಡ್ಗನ ಸೋದರಮಾವ ಬಂದು ಓಟ್ಲಲ್ಲಿ ನೋಡ್ಕಂಡ್ ಓದ್ನಂತೆ. ಹೆಣ್ಣಿನಪ್ಪಂಗೆ ತಲೆ ಸರಿ ಇಲ್ಲ, ಕಂಬ ನೋಡ್ಕಂಡ್ ನಗ್ತನೆ, ಗಂಟೆ ಒಡುದ್ರೆ ನಗ್ತನೆ, ಅಂಥಾ ಮನೆ ಹೆಣ್ಣು ಬ್ಯಾಡ ಅಂದ್ನಂತೆ.”

ಪೇಪರನ್ನು ಕೈಗೆ ಸಿಕ್ಕಂತೆ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

“ಮಂಜುಳ ಏನಂತಾಳೆ?” ಗೌರಿ ಕೇಳಿದಳು.

“ಏನಂದಾಳು. ಆ ಉಡ್ಗನ್ನ ಅವ್ಳಿಗೂ ಇಷ್ಟವಾಗಿತ್ತು ಕನವ್ವ. ಒಲೆ ಮುಂದೆ ಕೂತ್ಕಂಡು ಅಳ್ತಾಳೆ.” ಪುಟ್ಟಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಇವ್ರೋ, ಓಟ್ಲಿಂದ ಬಂದವ್ರು ಗ್ವಾಡೆ ನೋಡ್ಕಂಡು ಕೂತ್ಬುಡ್ತರೆ. ಮೊದ್ಲು ಹಿಂಗಿರ್ನಿಲ್ಲ. ಯಾರ್ಗೆ ಏನ್ ಬೈದೆ ಅಂತ ಮನೇಲಿ ಯೋಳೋರು, ನಾವೂ ನಗ್ತಿದ್ವು, ಅವ್ರೂ ನಗ್ತಿದ್ರು. ಈಗ ಇರ ನಗಾನೆಲ್ಲ ಓಟ್ಲಲ್ಲೇ ಖರ್ಚು ಮಾಡ್ಬುಟ್ಟು ಬತ್ತರೆ. ಮನೆಗೆ ಒಂಚೂರೂ ತರಕ್ಕಿಲ್ಲ.”

ಅವಳು ಹೋದ ಮೇಲೆ ಗೌರಿ ಒಳಗೆ ಬಂದು ನನ್ನ ಎದುರು ಕೂತಳು. ನಾನು ಪೇಪರಿನ ಹಿಂದೆ ಅಡಗಿದ್ದೆ.

“ಪೇಪರ್ ತಲೆಕೆಳಗಾಗಿ ಹಿಡ್ಕಂಡಿದ್ದೀರಿ,” ಎಂದಳು.

ಪೇಪರ್ ಮಡಚಿಟ್ಟೆ. ಒಂದು ಹುಡುಗಿಯ ಬಾಳಿಗೆ ಅಡ್ಡ ಬಂದೆನಲ್ಲ ಎಂದು ಅಳು ಬಂತು. ಆದರೆ ಮೇಷ್ಟ್ರುತನ ಅಷ್ಟು ಬೇಗ ಸಾಯುವುದಿಲ್ಲ. “ನಾನೇ ಬಂಡಳ್ಳಿಗೆ ಹೋಗಿ ತಿಳಿಸಿ ಹೇಳ್ತೀನಿ. ವಿಷಯ ಸ್ಪಷ್ಟವಾದರೆ ಯಾರಾದರೂ ಒಪ್ತಾರೆ,” ಎಂದೆ.

“ನೀವು ತಿಳಿಸಿ ಯೋಳಿದ್ದು ಸಾಲ್ದಾ?” ಎಂದಳು ಗೌರಿ. ಆದರೂ ತಡೆಯಲಿಲ್ಲ. ಬೇರೆ ದಾರಿ ಅವಳಿಗೂ ತೋಚಿರಲಿಲ್ಲ.

ಹನೂರಿನವರೆಗೆ ಬಸ್ಸು, ಅಲ್ಲಿಂದ ಇನ್ನೊಂದು. ಬಂಡಳ್ಳಿಯಲ್ಲಿ ಹುಡುಗನ ಸೋದರಮಾವ ಸಿದ್ದಪ್ಪನವರ ಮನೆ ಹುಡುಕಿ ಹೋದರೆ ಜಗಲಿಯ ಮೇಲೆ ಅದೇ ದೊಡ್ಡ ಮೀಸೆ! ಹಗ್ಗ ಹೊಸೆಯುತ್ತ ಕೂತಿದ್ದರು. ಕಂಡೊಡನೆ ಪ್ರಸನ್ನತೆ ಇರಲಿ ಎಂದು ನಾನು ಬಾಯಿ ತುಂಬ ನಕ್ಕೆ. ಅವರು ಹಗ್ಗ ಕೆಳಗಿಟ್ಟು ಸ್ವಲ್ಪ ಹಿಂದಕ್ಕೆ ಸರಿದು ಕೂತರು.

“ನೀವೂ ಅದೇ ಓಟ್ಲವ್ರಾ?” ಎಂದರು.

ಕೂತು ಎಲ್ಲವನ್ನೂ ವಿವರಿಸಿದೆ. ಮಾದಪ್ಪನ ತಲೆ ಗಟ್ಟಿಯಾಗಿದೆ, ಅವನ ವಂಶದಲ್ಲೇ ಯಾರೂ ಕಾರಣವಿಲ್ಲದೆ ನಕ್ಕವರಲ್ಲ, ನಾನೇ ಹೇಳಿ ನಗಿಸುತ್ತಿದ್ದೇನೆ, ಅದು ವ್ಯಾಪಾರದ ನಗು, ಮೈಸೂರಿನಲ್ಲಿ ಎಲ್ಲರೂ ಹಾಗೆಯೇ ನಗುತ್ತಾರೆ ಎಂದೆ. ಸಿದ್ದಪ್ಪನವರು ಗಮನವಿಟ್ಟು ಕೇಳಿದರು.

“ಅಂದ್ರೆ ಅವ್ನಿಗೆ ನಗಾ ಬಂದು ನಗ್ನಿಲ್ಲ?”

“ಖಂಡಿತ ಇಲ್ಲ.”

“ನೀವು ನಗು ಅಂದದ್ಕೆ ನಕ್ಕ?”

“ಹೌದು. ಅಷ್ಟೇ.”

“ಕೈ ಸುಟ್ಕಂಡ್ರೂ ನಕ್ಕ?”

“ನಾನು ಹೇಳಿದ್ದೆನಲ್ಲ, ಅದಕ್ಕೇ,” ಎಂದೆ ಗೆದ್ದವನ ಹಾಗೆ.

ಸಿದ್ದಪ್ಪನವರು ತಲೆಯಾಡಿಸಿದರು. “ಅಲ್ಲ ಬುದ್ದಿ, ತಲೆ ಕೆಟ್ಟಿದ್ರೆ ಔಷ್ದಿ ಕೊಡುಸ್ಬೋದಿತ್ತು. ಇದು ಅದ್ಕಿಂತ ಮೋಸ ಆಯ್ತಲ್ಲ. ಯಾರೋ ನಗು ಅಂದ್ರೆ ನಗ್ತನೆ, ನಾಳೆ ಯಾರೋ ಅಳು ಅಂದ್ರೆ ಅಳ್ತನೆ. ನನ್ನ ಸೋದರಳಿಯಂಗೆ ಕಷ್ಟಸುಖ ಬಂದ್ರೆ ಮಾವ ಅಂತ ನಿಂತ್ಕಂಡು ಒಂದ್ ಮಾತಾಡ ಗಂಡ್ಸು ಬ್ಯಾಡ್ವಾ? ಗಂಟೆ ಒಡ್ಕಂಡು ಕರೀಬೇಕಾ?”

ಹುಚ್ಚ ಎಂಬ ಅಪವಾದ ಹೊತ್ತಿದ್ದ ಮಾದಪ್ಪನನ್ನು ನನ್ನ ವಾಕ್ಚಾತುರ್ಯದಿಂದ ಬೆನ್ನುಮೂಳೆಯಿಲ್ಲದವನನ್ನಾಗಿ ಮಾಡಿ ಎದ್ದೆ. ಹೊರಡುವಾಗ ಅವರ ಹೆಂಡತಿ ಮಜ್ಜಿಗೆ ಕೊಟ್ಟರು. ಹಾಗೇ ಸುಮ್ಮನೆ, ಮುಂದಿನ ಸೋಮವಾರ ಗೊಬ್ಬರ ತರಲು ಯಜಮಾನರು ಕೊಳ್ಳೇಗಾಲಕ್ಕೆ ಬರುತ್ತಾರೆ ಎಂದೂ ಹೇಳಿದರು. ಹೆಂಗಸಿಗೆ ಆ ಸಂಬಂಧ ತಪ್ಪಿದ್ದು ಬೇಸರವಾಗಿತ್ತು ಎಂದು ಕಾಣುತ್ತದೆ.

ಊರಿಗೆ ಬಂದು ಗೌರಿಗೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವಳು ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ಸೊಪ್ಪು ಬಿಡಿಸುತ್ತ ಬಿಡಿಸುತ್ತ ಒಮ್ಮೆಲೇ ಕೈ ನಿಲ್ಲಿಸಿದಳು.

“ಬಯ್ಲಿ,” ಎಂದಳು.

“ಯಾರು?”

“ಮಾದಪ್ಪಣ್ಣ. ಸೋಮವಾರ ಸಿದ್ದಪ್ಪನವ್ರನ್ನ ಗೋವಿಂದಣ್ಣನ ಕೈಲಿ ಕರಸ್ಕಳನ, ಕಾಫಿಗೆ ಅಂತ. ಅವ್ರ ಮುಂದೆ ಮಾದಪ್ಪಣ್ಣ ಬಯ್ಲಿ. ಯಾರ ಮಾತಿಗೆ ನಗ್ತಿದ್ನೋ ಅವ್ರಿಗೇ ಬಯ್ಲಿ. ಆಗ ಗೊತ್ತಾಯ್ತದೆ ಎಂಥಾ ಮನುಷ್ಯ ಅಂತ.”

ಯಾರ ಮಾತಿಗೆ ನಗುತ್ತಿದ್ದ ಎಂದು ಯೋಚಿಸಿದೆ. ಉತ್ತರ ನಾನೇ ಆಗಿದ್ದೆ. ಆದರೆ ಮಂಜುಳ ಎಂಬ ಆ ಕಾಣದ ಹುಡುಗಿ ಒಲೆಯ ಮುಂದೆ ಅಳುತ್ತಿದ್ದಳು. ಒಪ್ಪಿದೆ.

ಮಾದಪ್ಪ ಒಪ್ಪಲಿಲ್ಲ. “ಯಜಮಾನ್ರ ಅಳಿಯಂದ್ರನ್ನ ಎಂಗ್ ಸಾ ಬಯ್ಯದು? ಪಾಪ ಬತ್ತದೆ,” ಎಂದ. ಮಗಳ ಹೆಸರು ಹೇಳಿ ಗೌರಿ ಒಪ್ಪಿಸಿದಳು. ಹೀಗೆ ಕೈತೊಳೆಯುವ ಕನ್ನಡಿಯ ಎದುರು ಎರಡನೆಯ ಪಾಠ ಆರಂಭವಾಯಿತು. ನಗು ಕಲಿಸಿದ ಗುರುವೇ ಬೈಗುಳವನ್ನೂ ಕಲಿಸಬೇಕಾಯಿತು. ಊರಿಗೆಲ್ಲ ಬಯ್ದು ಬದುಕಿದ ಮನುಷ್ಯ ನನ್ನೆದುರು ನಿಂತು, “ನೀವು... ನೀವು ಒಳ್ಳೇವ್ರಲ್ಲ ಸಾ,” ಎಂದು ನೆಲ ನೋಡಿದ.

“ಇನ್ನೂ ಸ್ವಲ್ಪ ಭಾವಪೂರ್ಣವಾಗಿ ಬರಲಿ ಮಾದಪ್ಪ.”

“ನೀವು... ಒಂಥರಾ... ದಡ್ಡ್ರು ಸಾ.”

“ಸಾ ಅನ್ನುವುದನ್ನು ಬಿಡು.”

“ಬುಟ್ರೆ ಮಾತೇ ಬರಕ್ಕಿಲ್ಲ ಸಾ.”

ಕೊನೆಗೆ ನಾನೇ ಸಂಭಾಷಣೆ ರಚಿಸಿದೆ. ನಾನು ಗಿರಾಕಿಯಾಗಿ ಕೂತು “ಸಾಂಬಾರಿಗೆ ಉಪ್ಪಿಲ್ಲ” ಎನ್ನಬೇಕು. ಅದಕ್ಕೆ ಮಾದಪ್ಪ “ನಿಮ್ಮ ನಾಲಿಗೆಗೆ ರುಚಿಯಿಲ್ಲ, ನಿಮ್ಮ ತಲೆಗೆ ಬುದ್ಧಿಯಿಲ್ಲ” ಎನ್ನಬೇಕು. ಪ್ರಾಸಬದ್ಧವಾಗಿದೆ ಎಂದು ನನಗೆ ಹೆಮ್ಮೆಯಾಯಿತು. ಮಾದಪ್ಪ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತ ತಟ್ಟೆ ಎತ್ತಿದ.

ಸೋಮವಾರ ಬಂತು. ಗೋವಿಂದಣ್ಣ ಸಿದ್ದಪ್ಪನವರನ್ನು ಗೊಬ್ಬರದ ಅಂಗಡಿಯ ಮುಂದೆ ಹಿಡಿದು, ಬೇಡವೆಂದರೂ ಬಿಡದೆ ಕರೆತಂದು ಮೂಲೆಯ ಮೇಜಿನಲ್ಲಿ ಕೂರಿಸಿದ. ಗಲ್ಲಾದಲ್ಲಿ ಗೌರಿ. ನಾನು ಸಿದ್ದಪ್ಪನವರ ಪಕ್ಕದ ಮೇಜಿನಲ್ಲಿ. ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ಪುಟ್ಟಮ್ಮ. ಮಾದಪ್ಪ ಇಡ್ಲಿ ತಂದಿಟ್ಟ. ಆ ಮನುಷ್ಯನ ಕೈಯಿಂದ ಸಾಂಬಾರು ಚೆಲ್ಲಿದ್ದನ್ನು ಅವತ್ತೇ ಮೊದಲು ನೋಡಿದ್ದು.

“ಏನಯ್ಯಾ, ಸಾಂಬಾರಿಗೆ ಉಪ್ಪಿಲ್ಲ,” ಎಂದು ಗರ್ಜಿಸಿದೆ. ಗರ್ಜನೆಗೆ ಮೆರುಗಿರಲಿ ಎಂದು ಚಮಚವನ್ನು ಸ್ಟೀಲ್ ಲೋಟಕ್ಕೆ ಕುಟ್ಟಿದೆ.

ಟಿಣ್.

ಮಾದಪ್ಪನ ಮುಖದ ತುಂಬ ನಗು ಅರಳಿತು.

ಗೌರಿ ಗಲ್ಲಾದ ಮೇಲೆ ತಲೆಯಿಟ್ಟಳು. ಸಿದ್ದಪ್ಪನವರು ಗೋವಿಂದಣ್ಣನ ಕಡೆ ತಿರುಗಿ, “ನೋಡ್ದ್ರಾ?” ಎಂದರು. ಪಂಚೆ ಸರಿಮಾಡಿಕೊಂಡು ಏಳಲು ಹೊರಟರು. ಮಾದಪ್ಪನ ತೋಳು ಹಿಡಿದು ಪಿಸುಗುಟ್ಟಿದೆ.

“ನಗಬೇಡ, ಬಯ್ಯಿ. ನಿನ್ನ ತಲೆಗೆ ನಾಟಲ್ವಾ? ಎಷ್ಟು ಸಲ ಹೇಳಿಕೊಡಬೇಕು? ನಿನ್ನ ಮಗಳ ಒಳ್ಳೇದಕ್ಕೇ ತಾನೇ ಇಷ್ಟೆಲ್ಲ ಮಾಡ್ತಿರೋದು ನಾನು?”

ಪಿಸುಗುಟ್ಟಿದೆ ಎಂದುಕೊಂಡಿದ್ದೆ. ತರಗತಿಯ ಹಿಂದಿನ ಬೆಂಚಿಗೂ ಕೇಳುವಂತೆ ಮಾತಾಡಿ ಅಭ್ಯಾಸ. ಅಡುಗೆ ಭಟ್ಟರೂ ಹೊರಗೆ ಬಂದು ನೋಡಿದರು.

ಮಾದಪ್ಪ ನನ್ನ ಕೈಯನ್ನು ತೋಳಿನಿಂದ ತೆಗೆದ. ನಗು ಹೋಯಿತು. ಟವೆಲನ್ನು ಹೆಗಲಿನಿಂದ ತೆಗೆದು ನನ್ನ ಮೇಜಿನ ಮೇಲೆ ಹಾಕಿದ.

“ನನ್ ಮಗಳ ಒಳ್ಳೇದ ನೀವ್ ಮಾಡ್ತೀರಾ? ಅವ್ಳೆಸ್ರು ಗೊತ್ತಿತ್ತಾ ನಿಮ್ಗೆ? ಬಂದಾಗಿಂದ ನಗು ನಗು ನಗು. ದನಕ್ಕೆ ಗಂಟೆ ಕಟ್ದಂಗೆ ಕಟ್ಬುಟ್ರಲ್ಲ. ನನ್ನವ್ವ ಸತ್ತು ಮಣ್ ಮಾಡ್ಬಂದು ಇದೇ ಓಟ್ಲಲ್ಲಿ ಎಲೆ ಆಕ್ದೆ. ಯಜಮಾನ್ರು ನನ್ ಮಕ ನೋಡಿ, ಮಾದ ಇವತ್ತು ಮಾತಾಡ್ಬ್ಯಾಡ ಕಣ್ಲಾ, ಬರೀ ಬಡ್ಸು ಅಂದ್ರು. ಅದು ಯಜಮಾನ್ಕೆ. ನೀವ್ ಇದ್ದಿದ್ರೆ ಅವತ್ತೂ ಟಿಣ್ ಅಂತಿದ್ರಿ. ಕೈಕಾಲ ಈ ಓಟ್ಲಿಗೆ ಕೊಟ್ಟಿವ್ನಿ. ಮಕ ಕೊಟ್ಟಿಲ್ಲ. ಮಕ ನಂದು. ಗಿರಾಕಿ ನೋಡಿ ನಂಗೆ ಕ್ವಾಪ ಬಂದ್ರೆ ಬಯ್ತೀನಿ, ನಗಾ ಬಂದ್ರೆ ನಗ್ತೀನಿ, ಅದ್ರ ಲೆಕ್ಕ ನಿಮ್ಗ್ಯಾಕೆ? ಮಕ್ಳಿಗೆ ಪಾಠ ಯೋಳ್ಕಂಡು ಬದ್ಕಿ ಓಗಿ. ಸಾಂಬಾರ್ಗೆ ಉಪ್ಪದೆ. ಸಾಕಾದಷ್ಟದೆ. ತಿನ್ನಿ, ಇಲ್ದಿದ್ರೆ ಏಳಿ, ಬಸ್ ಜನ ಬತ್ತರೆ.”

ನಾನು ತಿಂದೆ. ಬೇರೇನು ಮಾಡುವುದೆಂದು ತಿಳಿಯಲಿಲ್ಲ. ಮಾತು ಮುಗಿದ ಮೇಲೆ ಮಾದಪ್ಪನಿಗೇ ಭಯವಾಗಿತ್ತು. ನಾನು ಕಲಿಸಿದ ಪ್ರಾಸದ ಒಂದು ಅಕ್ಷರವೂ ಅದರಲ್ಲಿ ಇರಲಿಲ್ಲ. ಇದು ನಟನೆಯಲ್ಲ ಎಂದು ನನಗೆ ಅರ್ಥವಾಗಿತ್ತು.

ಅರ್ಧ ಎದ್ದಿದ್ದ ಸಿದ್ದಪ್ಪನವರು ಮೆಲ್ಲಗೆ ಕೂತರು. ಮೀಸೆ ಒರೆಸಿಕೊಂಡರು.

“ಬೀಗ್ರೇ,” ಎಂದರು. “ಒಂದ್ ಖಾಲಿ ದೋಸೆ ಕೊಡಿ. ಚಟ್ನಿ ಸ್ವಲ್ಪ ಜಾಸ್ತಿ ಆಕಿ.”

ಅಡುಗೆಮನೆಯ ಬಾಗಿಲಲ್ಲಿ ಪುಟ್ಟಮ್ಮ ಕೂತುಬಿಟ್ಟಳು. ಬೀಗರೇ ಎಂದು ಒಮ್ಮೆ ಬಾಯಲ್ಲಿ ಬಂದರೆ ನಮ್ಮ ಕಡೆ ಅದು ತಾಂಬೂಲ ಬದಲಾಯಿಸಿದಷ್ಟೇ ಗಟ್ಟಿ. ಮಾದಪ್ಪ ಮೇಜಿನ ಮೇಲಿದ್ದ ಟವೆಲಿನಿಂದ ಕಣ್ಣು ಒರೆಸಿಕೊಂಡು, ಒಳಗೆ ತಿರುಗಿ, “ಒಂದ್ ಖಾಲೀ...” ಎಂದು ಕೂಗಿದ. ಆ ಕೂಗಿಗೆ ಬೇವಿನ ಮರದ ಕಾಗೆಗಳು ಎದ್ದವು. ಚಟ್ನಿ ಹಾಕುವಾಗ, “ಎಲ್ರುಗೂ ಜಾಸ್ತಿ ಚಟ್ನಿನೇ ಬೇಕು, ತೆಂಗಿನ್ ತ್ವಾಟ ಏನ್ ನಮ್ ತಾವ ಅದಾ?” ಎಂದು ಗೊಣಗಿದ್ದೂ ಕೇಳಿಸಿತು. ಸಿದ್ದಪ್ಪನವರು ಮೆಚ್ಚಿ ತಲೆಯಾಡಿಸಿದರು.

ದೋಸೆ ತಿಂದು, ಕೈ ತೊಳೆದು, ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಸಂಬಂಧ ಕೂಡಿಸಿದ್ದಕ್ಕೆ ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆ ಎಂದು ಎದ್ದು ನಿಂತೆ. ಎಷ್ಟಾದರೂ ಅಷ್ಟು ಜನರ ಎದುರು ಬಯ್ಯಿಸಿಕೊಂಡವನು ನಾನು.

“ಮೇಷ್ಟ್ರೇ, ಯಾವೂರಲ್ಲಿ ತಾವು ಪಾಠ ಮಾಡದು?”

“ಯಳಂದೂರಿನಲ್ಲಿ,” ಎಂದೆ ವಿನಯದಿಂದ.

“ನನ್ ಮಗಳ ಕೊಟ್ಟಿರದೂ ಅಲ್ಲೇಯ. ಮೊಮ್ಮಗ ಆರ್ನೇ ಕ್ಲಾಸು.” ಶಾಲೆ ಯಾವುದೆಂದು ವಿಚಾರಿಸಿಕೊಂಡರು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗೊಬ್ಬರದ ಅಂಗಡಿಗೆ ಹೊರಟರು.

ಮಂಜುಳನ ಮದುವೆ ಆ ತಿಂಗಳಲ್ಲೇ ಆಯಿತು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಾವನವರೂ ಬಂದಿದ್ದರು. ಅವರಿಗೆ ನಡೆದದ್ದನ್ನು ಯಾರು ಹೇಳಿದರೋ, ನನ್ನನ್ನು ನೋಡಿದಾಗಲೆಲ್ಲ ಕನ್ನಡಕದ ಕೆಳಗೆ ಅವರ ಮೀಸೆ ಅಲ್ಲಾಡುತ್ತಿತ್ತು.

ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ದಿನ ಸಿದ್ದಪ್ಪನವರ ಮಗಳು ಬಂದು ಹುಡುಗನ ಟಿ.ಸಿ. ತೆಗೆದುಕೊಂಡು ಹೋದಳಂತೆ. ಹೆಡ್‌ಮಾಸ್ಟರು ಬೇಸರದಿಂದ ನನ್ನನ್ನು ಕರೆದು ಕೇಳಿದರು.

“ಒಳ್ಳೇ ಹುಡುಗ ಕಣ್ರೀ. ಯಾಕೆ ಬಿಡಿಸಿದರೋ. ಇಲ್ಲಿ ಯಾರೋ ಮೇಷ್ಟ್ರು ಮಕ್ಕಳ ತಲೆ ಕೆಡಿಸ್ತಾರಂತೆ. ನಿಮಗೇನಾದರೂ ಗೊತ್ತಾ?”

“ವಿಚಾರಿಸ್ತೀನಿ ಸಾರ್,” ಎಂದು ಹೇಳಿ ಏಳನೇ ತರಗತಿಗೆ ಹೋದೆ.